ಊದದ ಕೈಯ ಮಗು ಬೇಕಾಗಿದೆ

ಆಸ್ಪತ್ರೆಯಲ್ಲಿ ನೌಕರಿ ಮಾಡಿದವರು ನಗುವುದಕ್ಕೆಂದು ನಾಟಕ ನೋಡಲು ಹೋಗಬೇಕಾಗಿಲ್ಲ. ನಗು ತಾನೇ ಬಾಗಿಲಿಗೆ ಬಂದು ಸಾಲಿನಲ್ಲಿ ನಿಂತುಕೊಳ್ಳುತ್ತದೆ, ಇವತ್ತು ಕಳಿಸಿದರೆ ನಾಳೆ ಮತ್ತೆ ಬರುತ್ತದೆ. ಆದರೆ ಅಲ್ಲಿ ನಕ್ಕ ನಗು ಗಂಟಲಿನಿಂದ ಕೆಳಗಿಳಿಯುವುದಿಲ್ಲ, ಅಷ್ಟೇ.

ನಾನು ಮಧುಗಿರಿಯಲ್ಲಿ ನರ್ಸಾಗಿದ್ದದ್ದು ಮಹಾರಾಜರ ಕಾಲದಲ್ಲಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ. ಬಸ್ಸುಗಳು ಇದ್ದಲಿನ ಹೊಗೆಯಿಂದ ಓಡುತ್ತಿದ್ದವು, ಏರು ಬಂದರೆ ನಾವೇ ಇಳಿದು ತಳ್ಳುತ್ತಿದ್ದೆವು. ಕ್ಷಯಕ್ಕೆ ಔಷಧಿ ಅನ್ನುವುದು ಇನ್ನೂ ನಮ್ಮ ಕೈಗೆ ಬಂದಿರಲಿಲ್ಲ. ಹಾಲು, ಮೊಟ್ಟೆ, ಬಿಸಿಲು, ಗಾಳಿ ಎಂದು ಚೀಟಿ ಬರೆದು ಕೊಡುತ್ತಿದ್ದೆವು. ಬಿಸಿಲು, ಗಾಳಿ ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದವು.

ಔಷಧಿ ಬರದಿದ್ದರೂ ಪರೀಕ್ಷೆ ಬಂತು. ಮಗುವಿನ ಮುಂಗೈಯ ಒಳಬದಿಯಲ್ಲಿ, ಚರ್ಮದ ಪದರದೊಳಗೆ ಒಂದು ಹನಿ ಮದ್ದು ಚುಚ್ಚಬೇಕು. ಮೂರನೆಯ ದಿನ ಆ ಜಾಗ ಗಟ್ಟಿಯಾಗಿ ಊದಿದ್ದರೆ ಕ್ಷಯದ ಕ್ರಿಮಿ ಮಗುವಿನ ಮೈ ಹೊಕ್ಕಿದೆ ಎಂದು ಅರ್ಥ. ಊದದಿದ್ದರೆ ಹೊಕ್ಕಿಲ್ಲ. ಪುಸ್ತಕ ಹೇಳುತ್ತಿದ್ದದ್ದು ಇಷ್ಟೇ. ನಮ್ಮ ಡಾಕ್ಟರು ಅದನ್ನು ಅಕ್ಷರಶಃ ಪಾಲಿಸುವ ಮನುಷ್ಯ. ಕೆಂಪಾದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಬೆರಳಿಂದ ಸವರಿ, ಗಟ್ಟಿ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಪುಟ್ಟ ಸ್ಕೇಲಿಟ್ಟು ಅಳೆಯುತ್ತಿದ್ದರು. ಒಂದು ಕೂದಲೆಳೆ ಹೆಚ್ಚು ಬರೆ ಎಂದರೂ ಬರೆಯುತ್ತಿರಲಿಲ್ಲ.

ಈ ಸೂಜಿಯನ್ನು ನಂಬಿ ಮಿಡಿಗೇಶಿಯ ಒಬ್ಬ ತಾಯಿ ತನ್ನ ಮಗನನ್ನು ಬಿಟ್ಟುಕೊಟ್ಟಳು. ನಾನು ಹೇಳಬೇಕೆಂದಿರುವುದು ಅವಳ ವಿಷಯ. ಆದರೆ ಜನ ಆ ಸೂಜಿಯನ್ನು ಏನೆಂದು ತಿಳಿದಿದ್ದರು ಅನ್ನುವುದನ್ನು ಮೊದಲು ಹೇಳದಿದ್ದರೆ ಆಮೇಲಿನದ್ದನ್ನು ನೀವು ನಂಬುವುದಿಲ್ಲ.

ಯಾರೂ ಫೇಲಾಗದ ಸ್ಕೂಲು

ಮೊದಲು ಶುರು ಮಾಡಿದ್ದು ಕೊರಟಗೆರೆ ಕಡೆಯ ಒಂದು ಹಳ್ಳಿಯ ಸ್ಕೂಲಿನಲ್ಲಿ. ಅಲ್ಲಿಯವರೆಗೆ ಜನಕ್ಕೆ ಗೊತ್ತಿದ್ದದ್ದು ಸಿಡುಬು ಬರದಂತೆ ದೇವಿ ಹಾಕುವುದೊಂದೇ. ದೇವಿ ಹಾಕಿದ ಜಾಗದಲ್ಲಿ ಗುಳ್ಳೆ ಎದ್ದರೆ ಒಳ್ಳೆಯದು. ಏಳದಿದ್ದರೆ ಮತ್ತೆ ಹಾಕಿಸಬೇಕು, ಮೇಲಿನವರಿಂದ ಮೇಷ್ಟರಿಗೂ ಎರಡು ಮಾತು. ನಮ್ಮದು ಅದರ ತಿರುವುಮುರುವು, ಎದ್ದರೇ ಕೆಟ್ಟದ್ದು ಎಂದು ಡಾಕ್ಟರು ಬಹಳ ಹೊತ್ತು ಬಿಡಿಸಿ ಹೇಳಿದರು. ಹೆಡ್‌ಮೇಷ್ಟರು ಕೈ ಕಟ್ಟಿಕೊಂಡು, ತಲೆದೂಗುತ್ತ ಕೇಳಿದರು. ಅಷ್ಟು ತಲೆದೂಗುವವರನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ.

ಮೂರನೆಯ ದಿನ ಹೋದರೆ ಮಕ್ಕಳೆಲ್ಲ ಅಂಗಿಯ ತೋಳು ಮಡಚಿಕೊಂಡು ಸಾಲಾಗಿ ನಿಂತಿದ್ದರು. ಮೊದಲನೆಯ ಕೈ ಊದಿತ್ತು. ಎರಡನೆಯದೂ ಊದಿತ್ತು. ಸಾಲಿನ ಕೊನೆಯವರೆಗೂ ಊದಿದ ಕೈಗಳೇ. ಡಾಕ್ಟರ ಮುಖದಲ್ಲಿ ರಕ್ತ ಇರಲಿಲ್ಲ. "ಇಡೀ ಊರಿಗೇ ಹತ್ತಿದೆಯಲ್ಲ ನರ್ಸಮ್ಮ" ಎಂದರು ಮೆಲ್ಲಗೆ.

ಒಂದು ಹುಡುಗಿ ಕೈ ಕೆರೆದುಕೊಂಡು ಅಳುತ್ತಿತ್ತು. ಹತ್ತಿರ ಎಳೆದುಕೊಂಡು ನೋಡಿದೆ. ಗುಳ್ಳೆಯ ಸುತ್ತ ಕಪ್ಪು ಎಣ್ಣೆ ಮೆತ್ತಿತ್ತು. ಅಗಸರು ಬಟ್ಟೆಗೆ ಗುರುತು ಹಾಕುವ ಗೇರಿನ ಎಣ್ಣೆ. ಮೈಗೆ ತಾಕಿದರೆ ಬೊಬ್ಬೆ ಬರುತ್ತದೆ.

"ಯಾರು ಸವರಿದ್ದು ಮಗಾ?"

"ನಂದು ಎದ್ದಿರ್ಲಿಲ್ಲ ಕಣಮ್ಮ. ಮೇಷ್ಟ್ರು ಸವರುದ್ರು."

ಹೆಡ್‌ಮೇಷ್ಟರಿಗೆ ನಾಚಿಕೆಯಾಗಲಿಲ್ಲ. ಅವರ ಮುಖದಲ್ಲಿ ಇದ್ದದ್ದು ಹೆಮ್ಮೆ. "ತಾವು ನಿನ್ನೆ ಬಂದಿದ್ದರೆ ನನ್ನ ಮರ್ಯಾದೆ ಹೋಗ್ತಿತ್ತು ಸಾರ್, ಬಹಳ ಹುಡುಗರದ್ದು ಎದ್ದೇ ಇರಲಿಲ್ಲ. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಶ್ರಮ ಪಟ್ಟಿದೀನಿ. ಈಗ ನೋಡಿ, ನಮ್ಮ ಸ್ಕೂಲಲ್ಲಿ ಯಾರೂ ಫೇಲಿಲ್ಲ."

ಜವಳಿ ಆರಿಸುವ ಕೈ

ಮಿಡಿಗೇಶಿಯ ಆ ತಾಯಿ ಬಂದದ್ದು ಅದಾದ ಸ್ವಲ್ಪ ದಿನಕ್ಕೆ. ಗಂಡ ಚಳಿಜ್ವರದಲ್ಲಿ ಹೋಗಿದ್ದ. ಇಬ್ಬರು ಗಂಡುಮಕ್ಕಳು, ದೊಡ್ಡವನಿಗೆ ಹತ್ತು, ಚಿಕ್ಕವನಿಗೆ ಆರು. ಕಂಡವರ ಹೊಲದಲ್ಲಿ ಕಡಲೆಕಾಯಿ ಕಿತ್ತು ಮಕ್ಕಳನ್ನು ಸಾಕುತ್ತಿದ್ದಳು. ಅವಳ ಒಡಹುಟ್ಟಿದ ಅಕ್ಕನನ್ನು ಸಿರಾದ ಜವಳಿ ಸಾಹುಕಾರರಿಗೆ ಕೊಟ್ಟಿತ್ತು. ಅಕ್ಕನಿಗೆ ಮಕ್ಕಳಿಲ್ಲ. ತಂಗಿಯ ಮಕ್ಕಳಲ್ಲಿ ಒಬ್ಬನನ್ನು ದತ್ತು ತೆಗೆದುಕೊಳ್ಳುವ ಮಾತಾಗಿತ್ತು. ಅಷ್ಟರಲ್ಲಿ ಸಾಹುಕಾರರ ಕಿವಿಗೆ ನಮ್ಮ ಪರೀಕ್ಷೆಯ ಸುದ್ದಿ ಬಿತ್ತು. "ಕೈಯಾರೆ ಮನೆಗೆ ರೋಗ ತಂದುಕೊಳ್ಳಬಾರದು ನೋಡಿ" ಎಂದು ಇಬ್ಬರು ಹುಡುಗರನ್ನೂ ಕರೆಸಿಕೊಂಡು ಆಸ್ಪತ್ರೆಗೆ ಬಂದರು.

ನಾನು ಸೂಜಿ ಕುದಿಸುತ್ತಿದ್ದಾಗ ಅವಳು ಹಿಂದೆ ಬಂದು ನಿಂತಳು.

"ನರ್ಸಮ್ಮ, ಊದ್ರೆ ಏನಾಯ್ತದೆ?"

"ಊದಿದರೆ ಅವರು ಕರ್ಕೊಂಡು ಹೋಗಲ್ಲ. ನಿನ್ನ ಹತ್ರಾನೇ ಇರ್ತಾನೆ."

"ಊದ್ದೆ ಇದ್ರೆ?"

"ಕರ್ಕೊಂಡು ಹೋಗ್ತಾರೆ. ಎರಡು ಹೊತ್ತು ಅನ್ನ ಉಣ್ತಾನೆ, ಓದ್ತಾನೆ."

"ಅಂಗಾರೆ ದೇವ್ರುನ್ನ ಏನಂತ ಬೇಡ್ಕೊಳ್ಳಾನ ಹೇಳಿ" ಎಂದಳು. ನಾನು ಊರಿಗೆಲ್ಲ ಉತ್ತರ ಕೊಡುವ ಹೆಂಗಸು, ಅವತ್ತು ಕುದಿದ ಸೂಜಿಯನ್ನೇ ಮತ್ತೆ ಕುದಿಯಲು ಹಾಕಿದೆ.

ಮೂರನೆಯ ದಿನ ದೊಡ್ಡವನ ಕೈ ಊದಿತ್ತು, ಚಿಕ್ಕವನದು ಊದಿರಲಿಲ್ಲ. ಊದಿದ ಮಾತ್ರಕ್ಕೆ ಕಾಯಿಲೆ ಅಲ್ಲ, ಕ್ರಿಮಿ ಹೊಕ್ಕಿದೆ ಅಷ್ಟೆ, ಹೊಟ್ಟೆ ತುಂಬ ಉಂಡರೆ ಎಷ್ಟೋ ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ದೊಡ್ಡವನು ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಸಾಹುಕಾರರು ಇಬ್ಬರ ಕೈಯನ್ನೂ ಪಕ್ಕಪಕ್ಕದಲ್ಲಿ ಇಡಿಸಿ, ಹೆಬ್ಬೆರಳಿಂದ ಒಂದನ್ನು ಸವರಿದರು, ಇನ್ನೊಂದನ್ನು ಸವರಿದರು.

"ಇದು ನಯವಾಗಿದೆ" ಎಂದರು. "ಇದನ್ನೇ ಕಟ್ಟಿಬಿಡಿ."

ಲೆಕ್ಕ ಚುಕ್ತಾ

ಪಾವಗಡದ ಕಡೆ, ತಿರುಮಣಿಯ ಆಸುಪಾಸಿನಲ್ಲಿ, ಇನ್ನೊಂದು ಬಗೆ. ಅಲ್ಲಿ ಚುಚ್ಚಿಸಿಕೊಳ್ಳುವುದಕ್ಕೆ ಯಾರೂ ತಕರಾರು ಮಾಡಲಿಲ್ಲ. ಮೂರನೆಯ ದಿನ ಡಾಕ್ಟರು ಸ್ಕೇಲು ಹಿಡಿದು ಕೂತರೆ, ಸುಮಾರು ಮಕ್ಕಳ ಕೈ ಮೇಲೆ ಊತ ಇದ್ದಿರಬೇಕಾದ ಜಾಗದಲ್ಲೇ ಸುಟ್ಟ ಬರೆ. ಊತ ಕಂಡ ಕೂಡಲೇ ಮನೆಮನೆಯಲ್ಲೂ ಬಳೆ ಕಾಯಿಸಿ ಬರೆ ಎಳೆದುಬಿಟ್ಟಿದ್ದರು. ಸುಟ್ಟಗಾಯದ ಬಾವು ಯಾವುದು, ನಮ್ಮ ಮದ್ದಿನ ಊತ ಯಾವುದು, ದೇವರೇ ಬಂದರೂ ಅಳೆಯುವ ಹಾಗಿರಲಿಲ್ಲ.

ಡಾಕ್ಟರು ಕೂಗಾಡುವ ಜಾತಿಯವರಲ್ಲ, ಅವತ್ತು ಕೂಗಾಡಿದರು. ತೆಲುಗು ಬೆರೆಸಿ ಮಾತಾಡುವ ಒಬ್ಬ ಅಜ್ಜಿ ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಮುಂದೆ ಬಂದಳು.

"ಯಾಕಪ್ಪಾ ಡಾಕ್ಟರಪ್ಪಾ ಅರಚ್ತೀಯಾ? ನೀನು ಚುಚ್ಚಿ ಎಬ್ಬಿಸ್ದೆ, ನಾವು ಸುಟ್ಟು ಇಳಿಸಿದ್ವಿ. ಲೆಕ್ಕ ಸರಿಪೋಯಿಂದಿ ಕದಾ, ಇನ್ನೇನಪ್ಪಾ?"

ಪಾಸಾದ ಮಗು

ಆ ವರ್ಷವೇ ನಮ್ಮ ವಾರ್ಡಿನಲ್ಲಿ ಒಂದು ಹೆಣ್ಣುಮಗು ಇತ್ತು. ಎಲುಬು ಎಣಿಸಬಹುದಾಗಿತ್ತು. ಸಂಜೆಯಾದರೆ ಜ್ವರ, ಕತ್ತಿನಲ್ಲಿ ಗಂಟು, ಕೆಮ್ಮಿದರೆ ಮಂಚವೇ ಅಲುಗುತ್ತಿತ್ತು. ಕ್ಷಯವೆಂದು ಹೇಳಲು ಡಾಕ್ಟರೇ ಬೇಕಾಗಿರಲಿಲ್ಲ. ಆದರೂ ಚುಚ್ಚಿ ನೋಡಿದೆವು. ಕೈ ಊದಲಿಲ್ಲ. ಮತ್ತೊಂದು ಸಲ ಚುಚ್ಚಿದೆವು. ಊದಲಿಲ್ಲ.

"ಊದುವುದಕ್ಕೂ ಮೈಯಲ್ಲಿ ತ್ರಾಣ ಬೇಕು ನರ್ಸಮ್ಮ" ಎಂದರು ಡಾಕ್ಟರು. "ರೋಗ ಮೈಯೆಲ್ಲ ತಿಂದುಬಿಟ್ಟಿದ್ದರೆ ಕೈ ಸುಮ್ಮನಿದ್ದುಬಿಡುತ್ತೆ. ದಡಾರ ಎದ್ದು ಹೋದ ಮಕ್ಕಳಲ್ಲೂ ಹೀಗೇ ಆಗುತ್ತೆ." ಮಗುವಿನ ತಂದೆಗೆ ಯಾರೋ ಅರ್ಧ ಮಾತು ಮುಟ್ಟಿಸಿದ್ದರು. ಅವನು ಬೆಲ್ಲ ತಂದು ವಾರ್ಡಿನಲ್ಲೆಲ್ಲ ಹಂಚಿದ. ಆ ಬೆಲ್ಲ ಬಾಯಿಗೆ ಹಾಕಿಕೊಂಡು ನಿಂತಿದ್ದೆನಲ್ಲ, ಇವತ್ತಿಗೂ ಬೆಲ್ಲ ಕಂಡರೆ ಅದೇ ನೆನಪು.

ಅದೇ ವಾರ ಮೇಲಿನ ಸಾಹೇಬರು ತನಿಖೆಗೆ ಬಂದರು. ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದು ಬಂದ ಮಗುವಿಗೆ ಕ್ಷಯದ ಮಂಚ ಯಾಕೆ ಎಂದು ಕೇಳಿದರು. ಡಾಕ್ಟರು ವಿವರಿಸಿದರು. ಸಾಹೇಬರು ವಿವರಣೆ ಕೇಳಲು ಬಂದವರಾಗಿರಲಿಲ್ಲ. ಮಗುವನ್ನು ಮನೆಗೆ ಕಳಿಸಲು ಆಜ್ಞೆಯಾಯಿತು. ಅಪ್ಪನೇ ಖುಷಿಯಿಂದ ಹೆಗಲ ಮೇಲೆ ಹೊತ್ತುಕೊಂಡು ಹೋದ. ಮಗು ಹೆಚ್ಚು ದಿನ ಉಳಿಯಲಿಲ್ಲ.

ಡಾಕ್ಟರು ಸುದ್ದಿ ತಿಳಿಸಿದಾಗ ಸಾಹೇಬರು ನಿಜವಾಗಿಯೂ ನೊಂದುಕೊಂಡರು. "ಪಾಪ, ಏನು ಕಾಯಿಲೆಯೋ ಏನೋ" ಎಂದರು. "ಕ್ಷಯವಂತೂ ಅಲ್ಲ ಅಂತ ನಾವು ಮೊದಲೇ ನೋಡಿದ್ದೆವಲ್ಲ."

ಮೊದಲಿಂದ ಇದ್ದವರು

ಸಿರಾಕ್ಕೆ ಕೆಲಸದ ಮೇಲೆ ಹೋದಾಗ ಡಾಕ್ಟರೂ ನಾನೂ ಸಾಹುಕಾರರ ಮನೆಗೆ ಹೋದೆವು. ಮಿಡಿಗೇಶಿಯ ತಾಯಿಗೆ ಮಗನ ಸುದ್ದಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಹುಡುಗ ಮೈಕೈ ತುಂಬಿಕೊಂಡಿದ್ದ. ರೇಷ್ಮೆ ಟೋಪಿ, ಸೊಂಟದಲ್ಲಿ ಬೆಳ್ಳಿ ಉಡಿದಾರ. ನೋಡಿ ನನ್ನ ಮನಸ್ಸು ಹಗುರವಾಯಿತು.

ಅವನು ಕೂತಿದ್ದದ್ದು ಸಾಹುಕಾರರ ತಾಯಿಯ ತೊಡೆಯ ಮೇಲೆ. ಮುದುಕಿಗೆ ಆ ಹುಡುಗ ಅಂದರೆ ಪ್ರಾಣ. ತನ್ನ ತಟ್ಟೆಯಲ್ಲೇ ಉಣ್ಣಿಸುತ್ತಿದ್ದಳು, ತನ್ನ ಹಾಸಿಗೆಯಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ಕೊಬ್ಬರಿಯನ್ನು ತನ್ನ ಬಾಯಲ್ಲಿ ಅಗಿದು, ಮೆತ್ತಗೆ ಮಾಡಿ, ಅವನ ಬಾಯಿಗೆ ಇಡುತ್ತಿದ್ದಳು. ನಡುನಡುವೆ ಕೆಮ್ಮು ಬರುತ್ತಿತ್ತು. ಕೆಮ್ಮುವಾಗ ಹುಡುಗ ಬೀಳದ ಹಾಗೆ ಇನ್ನೂ ಬಿಗಿಯಾಗಿ ತಬ್ಬಿಕೊಳ್ಳುತ್ತಿದ್ದಳು. ಪಕ್ಕದ ಪೀಕದಾನಿಯಲ್ಲಿ ಎಲೆಅಡಿಕೆಯ ಕೆಂಪಿನ ಜೊತೆ ಇನ್ನೊಂದು ಕೆಂಪನ್ನೂ ನಾನು ನೋಡಿದೆ. ಡಾಕ್ಟರೂ ನೋಡಿದರು.

"ಎಷ್ಟು ದಿನದಿಂದ ಈ ಕೆಮ್ಮು?"

"ಇದು ಗೂರಲು ಕಣಪ್ಪ, ಉಬ್ಬಸ. ನಮ್ಮತ್ತೆಗೂ ಇತ್ತು, ನನ್ನ ಯಜಮಾನರಿಗೂ ಇತ್ತು. ನಮ್ಮ ಮನೇಲಿ ಎಲ್ರಿಗೂ ಬರ್ತದೆ" ಎಂದಳು, ಮನೆತನದ ಒಡವೆಯ ಮಾತಾಡಿದ ಹಾಗೆ.

ಡಾಕ್ಟರು ಸಾಹುಕಾರರನ್ನು ಜಗಲಿಗೆ ಕರೆದರು. ತಾಯಿಯ ಕಫವನ್ನು ಪರೀಕ್ಷೆಗೆ ಕಳಿಸಬೇಕು, ಅಲ್ಲಿಯವರೆಗೆ ಹುಡುಗನನ್ನು ಬೇರೆ ಕೋಣೆಯಲ್ಲಿ ಮಲಗಿಸಬೇಕು ಎಂದರು. ಸಾಹುಕಾರರ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿರಲಿಲ್ಲ.

ಸಾಹುಕಾರರಿಗೆ ಸಿಟ್ಟು ಬಂತು, ಆದರೂ ಮರ್ಯಾದೆ ಬಿಡಲಿಲ್ಲ. "ಸ್ವಾಮಿ, ಪರೀಕ್ಷೆ ಮಾಡಬೇಕಾದದ್ದು ಹೊಸದಾಗಿ ಮನೆಗೆ ಬರೋರನ್ನ. ನಮ್ಮಮ್ಮ ಮೊದಲಿಂದ ಇಲ್ಲೇ ಇದ್ದಾರೆ."

ಹೇಗೆ ಕೊಟ್ಟಿದ್ದೆನೋ ಹಾಗೇ

ವರ್ಷ ತಿರುಗುವುದರೊಳಗೆ ಸಾಹುಕಾರರ ಜಟಕಾ ಆಸ್ಪತ್ರೆಯ ಮುಂದೆ ನಿಂತಿತು. ಹುಡುಗನಿಗೆ ಬಿಡದ ಜ್ವರ, ತುಂಬಿಕೊಂಡಿದ್ದ ಮೈ ಎಲ್ಲ ಇಳಿದುಹೋಗಿತ್ತು. ಡಾಕ್ಟರು ಚುಚ್ಚಿದರು. ಈ ಸಲ ಸ್ಕೇಲು ಬೇಕಾಗಿರಲಿಲ್ಲ, ಬಾಗಿಲಲ್ಲಿ ನಿಂತವರಿಗೂ ಊತ ಕಾಣುತ್ತಿತ್ತು.

ಸಾಹುಕಾರರು ಮಿಡಿಗೇಶಿಗೆ ಹೇಳಿಕಳಿಸಿದರು. ತಾಯಿ ಓಡಿಬಂದಳು. ಹುಡುಗ ಅವಳನ್ನು ಕಂಡವನೇ ಕೈ ಚಾಚಿದ. ಅಷ್ಟರಲ್ಲಿ ಸಾಹುಕಾರರು ಮಾತು ಶುರು ಮಾಡಿದ್ದರು. "ರೋಗದ ಹುಡುಗನ್ನ ನಮ್ಮ ಮಡಿಲಿಗೆ ಹಾಕಿದ್ರಿ. ನಂಬಿಸಿ ಮೋಸ ಮಾಡಿದ್ರಿ."

"ಹೋದ ವರ್ಷ ಇವನ ಕೈ ಊದಿರಲಿಲ್ಲ" ಎಂದರು ಡಾಕ್ಟರು. "ನೀವೇ ಮುಟ್ಟಿ ನೋಡಿದ್ದಿರಿ. ಕ್ರಿಮಿ ಹೊಕ್ಕಿರುವುದು ನಿಮ್ಮ ಮನೆಯಲ್ಲಿ."

"ಹೋದ ವರ್ಷದ ಪರೀಕ್ಷೆಯೇ ಸುಳ್ಳಾಗಿರಬಹುದಲ್ಲ? ನಿಮ್ಮ ಈ ಸೂಜಿ ಯಾವತ್ತೂ ತಪ್ಪೋದೇ ಇಲ್ವೇನು?"

ಅಲ್ಲಿ ಬೇರೆ ಯಾರೇ ಇದ್ದಿದ್ದರೂ ಇಲ್ಲ ಎಂದುಬಿಡುತ್ತಿದ್ದರು. ನಮ್ಮ ಡಾಕ್ಟರಿಗೆ ಅದು ಆಗಲಿಲ್ಲ. ವಾರ್ಡಿನ ಆ ಹೆಣ್ಣುಮಗು ಅವರ ಕಣ್ಣ ಮುಂದೆ ಬಂದಿರಬೇಕು. "ಒಮ್ಮೊಮ್ಮೆ ತಪ್ಪುತ್ತೆ" ಎಂದರು. "ಆದರೆ ಇವನು ಆಗ ಗಟ್ಟಿಮುಟ್ಟಾಗಿದ್ದ, ಇವನ ವಿಷಯದಲ್ಲಿ..."

"ಅಷ್ಟು ಸಾಕು ಸ್ವಾಮಿ" ಎಂದರು ಸಾಹುಕಾರರು. "ತಾವೇ ಒಪ್ಪಿಕೊಂಡ್ರಿ."

ಸತ್ಯವಂತರ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೊಂದೇ ಸಲ.

ಅಕ್ಕ, ಸಾಹುಕಾರರ ಹೆಂಡತಿ, ಜಟಕಾದಿಂದ ಇಳಿಯಲೇ ಇಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಸಾಹುಕಾರರು ಹುಡುಗನ ಸೊಂಟದ ಬೆಳ್ಳಿ ಉಡಿದಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಅವನನ್ನು ತಾಯಿಯ ಕಡೆ ತಳ್ಳಿದರು. "ತೊಗೊಳ್ಳಮ್ಮ, ನಿನ್ನ ಮಗನ್ನ ನಿನಗೆ ಒಪ್ಪಿಸಿದೀನಿ."

ಅವಳು ಮಗನ ಕೈಯನ್ನು ಎತ್ತಿ ಊದಿದ್ದ ಜಾಗವನ್ನು ಬೆರಳಿಂದ ಸವರಿದಳು. ಅವಳ ದನಿ ಏರಲಿಲ್ಲ.

"ಇದಲ್ಲ ಸಾವ್ಕಾರ್ರೆ ನಾನು ಕೊಟ್ಟಿದ್ದು. ನಾನು ಕೊಟ್ಟಾಗ ಕೈ ನಯವಾಗಿತ್ತು, ಅಂಗಂತ ನೀವೇ ಹೇಳಿದ್ರಿ. ಹೆಂಗೆ ಕೊಟ್ಟಿದ್ನೋ ಅಂಗೇ ವಾಪಸ್ ಕೊಡಿ, ತಕ್ಕೊಂಡು ಹೋಯ್ತೀನಿ."

ರೋಗವಿಲ್ಲದ ಮನೆ

ಆ ಹುಡುಗ ತಾಯಿಯ ಹತ್ತಿರವೇ, ಮುಂಗಾರು ಬರುವ ಮೊದಲೇ ಹೋದ. ರೋಗ ತಲೆಗೆ ಏರಿತು. ತಲೆನೋವು ಎಂದು ಅಳುತ್ತಿದ್ದವನು ಆಮೇಲೆ ಅಳುವುದನ್ನೂ ನಿಲ್ಲಿಸಿದ. ಇದನ್ನು ಮೆತ್ತಗೆ ಹೇಳುವ ಬಗೆ ನನಗೆ ಗೊತ್ತಿಲ್ಲ. ಕೈ ಊದಿದ್ದ ಅವನ ಅಣ್ಣ, ಯಾರಿಗೂ ಬೇಡವಾದವನು, ಅಮ್ಮನ ಜೊತೆ ರಾಗಿಮುದ್ದೆ ಉಂಡು ಬದುಕಿದ. ತಮ್ಮನನ್ನು ಮಣ್ಣಿಗೆ ಇಟ್ಟು ಬಂದವನೂ ಅವನೇ.

ಆ ಮಳೆಗಾಲ ಮುಗಿದಿತ್ತು. ಅದೇ ಜಟಕಾ ಮತ್ತೆ ಬಂದು ಆಸ್ಪತ್ರೆಯ ಮುಂದೆ ನಿಂತಿತು. ಸಾಹುಕಾರರು ಇಳಿದರು, ಅವರ ಹಿಂದೆ ಮುದುಕಿಯೂ ಇಳಿದಳು. ಅವಳ ಕಂಕುಳಲ್ಲಿ ಹೊಸ ಮಗು, ನಾಲ್ಕು ವರ್ಷದ್ದಿರಬೇಕು, ಕೊರಟಗೆರೆ ಕಡೆಯ ಬಡ ನೆಂಟರದ್ದು. ಜಟಕಾದ ಅಲುಗಾಟಕ್ಕೋ ಏನೋ ನಗುತ್ತಲೇ ಇತ್ತು.

"ಈ ಸಲ ಸರಿಯಾಗಿ ನೋಡಿಕೊಡಿ ಸ್ವಾಮಿ" ಎಂದರು ಸಾಹುಕಾರರು. "ಮತ್ತೆ ಮತ್ತೆ ಬದಲಾಯಿಸೋದು ಅಂದ್ರೆ ನಮಗೂ ಸಂಕಟ."

ಅಮ್ಮನ ಕಫ ಕಳಿಸಿದಿರಾ ಎಂದು ಡಾಕ್ಟರು ಕೇಳಿದರು. ಅದರ ಮಾತು ಆಡಬೇಡಿ ಎಂದರು ಸಾಹುಕಾರರು. ಡಾಕ್ಟರು ನನ್ನ ಮುಖ ನೋಡಿ ಮಗುವಿಗೆ ಚುಚ್ಚಿದರು.

ಮೂರನೆಯ ದಿನ ಎಲ್ಲರೂ ಬಂದರು. ಮಗುವಿನ ಕೈ ಬೆಣ್ಣೆಯ ಹಾಗಿತ್ತು. ಚುಚ್ಚಿದ ಗುರುತೂ ಕಾಣುತ್ತಿರಲಿಲ್ಲ. ಸಾಹುಕಾರರ ಮುಖ ಅರಳಿತು, ಮುದುಕಿ ಆಗಲೇ ಕೊಬ್ಬರಿ ಅಗಿಯಲು ಶುರು ಮಾಡಿದ್ದಳು. ಡಾಕ್ಟರು ಬೆರಳಿಂದ ಆ ಜಾಗವನ್ನು ಒಂದು ಸಲ ಸವರಿದರು, ಇನ್ನೊಂದು ಸಲ ಸವರಿದರು. ಸ್ಕೇಲನ್ನು ಜೇಬಿನಿಂದ ತೆಗೆದವರು ಕೈಗೆ ತಾಕಿಸದೆ ಹಾಗೇ ಜೇಬಿಗೆ ಇಟ್ಟುಕೊಂಡರು.

"ಊದಿದೆ" ಎಂದರು.

ನಾನು ಬೆಚ್ಚಿ ಅವರ ಮುಖ ನೋಡಿದೆ. ಕೂದಲೆಳೆಯಷ್ಟು ಸುಳ್ಳು ಬರೆಯದ ಮನುಷ್ಯ ಗೋಡೆಯನ್ನು ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು.

ಸಾಹುಕಾರರು ಮಗುವಿನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಎಲ್ಲಿ ಸ್ವಾಮಿ? ನನಗೇನೂ ಕಾಣೋದಿಲ್ಲವಲ್ಲ."

"ನಿಮ್ಮ ಕಣ್ಣಿಗೆ ಕಾಣೋ ಅಂಥದ್ದಲ್ಲ. ಒಳಗೆ ಊದಿದೆ. ಹುಷಾರು, ಈ ಮಗು ನಿಮ್ಮ ಮನೆಗೆ ಬರಬಾರದು. ಇವತ್ತೇ ಹೆತ್ತವರಿಗೆ ಒಪ್ಪಿಸಿಬಿಡಿ."

"ಹೌದು, ಒಳಗೆ ಗಟ್ಟಿಯಾಗಿದೆ" ಎಂದು ನಾನೂ ಮುಟ್ಟಿ ಹೇಳಿದೆ.

ಸಾಹುಕಾರರು ಮಗುವಿನ ಕೈಯನ್ನು ಕೆಂಡ ಮುಟ್ಟಿದವರಂತೆ ಬಿಟ್ಟುಬಿಟ್ಟರು. ಮುದುಕಿಯ ಮುಖ ಸಣ್ಣದಾಯಿತು. ಅವಳಿಗೆ ನಿಜವಾಗಿಯೂ ಮಗು ಬೇಕಾಗಿತ್ತು. ಅದನ್ನು ಮೆಲ್ಲಗೆ ಕಂಕುಳಿಂದ ಇಳಿಸಿ, ನನ್ನ ಮೇಜು ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವವರೆಗೂ ಕೆಮ್ಮಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಮಗನಿಗೆ ಸಮಾಧಾನ ಹೇಳಿದಳು.

"ಹೋಗ್ಲಿ ಬುಡಪ್ಪ, ಯಾಕೆ ಬೇಜಾರು ಮಾಡ್ಕೋತೀಯ. ಈ ಸೀಮೆನಾಗೆ ರೋಗ ಇಲ್ದಿರೋ ಮನೆ ಅಂದ್ರೆ ನಮ್ಮದೊಂದೇ ಕಣಪ್ಪ."